ಲೊರೇನ್ ನಮ್ಮದಾದ ಬೇಸಿಗೆ

ಡೆಟ್ರಾಯಿಟ್ ಹತ್ತಿರದ ಪ್ಲಿಮತ್‌ನ ನಮ್ಮ ಮನೆಯ ಊಟದ ಮೇಜು ನೋಡುವವರಿಗೆ ಒಂದು, ನಮಗೆ ಎರಡು. ದೊಡ್ಡಪ್ಪ ಮದುವೆಯಾದ ಹೊಸತರಲ್ಲಿ ಕೊಂಡಿದ್ದು ಒಂದು, ಅಪ್ಪ ಮದುವೆಯಾದ ಹೊಸತರಲ್ಲಿ ಕೊಂಡಿದ್ದು ಇನ್ನೊಂದು. ಅಣ್ಣತಮ್ಮಂದಿರು ಸೇರಿ ಒಂದೇ ಮನೆ ಮಾಡಿದಾಗ ಯಾವುದನ್ನೂ ಕೊಟ್ಟುಬಿಡಲು ಮನಸ್ಸು ಬರದೆ ಎರಡನ್ನೂ ಕೂಡಿಸಿ, ಮೇಲೊಂದು ಉದ್ದನೆಯ ಬಟ್ಟೆ ಹಾಸಿದ್ದರಂತೆ. ದೊಡ್ಡಪ್ಪನ ಮೇಜು ಅರ್ಧ ಇಂಚು ಎತ್ತರ. ಸಾರಿನ ಪಾತ್ರೆಯನ್ನು ಈ ಕಡೆಯಿಂದ ಆ ಕಡೆಗೆ ಜರುಗಿಸುವಾಗೆಲ್ಲ ಆ ಅಂಚಿಗೆ ತಾಗಿ ತುಳುಕುತ್ತಿತ್ತು, ಮತ್ತು ಪ್ರತಿ ಸಲವೂ ಯಾರು ಜೋರಾಗಿ ತಳ್ಳಿದ್ದು ಎಂಬ ಬಗ್ಗೆ ಒಂದು ಸಣ್ಣ ಜಗಳವಾಗುತ್ತಿತ್ತು. ನಮ್ಮ ಮನೆಯ ಜಗಳಗಳೆಲ್ಲ ಆ ಗಾತ್ರದವು. ಮನೆ ಬೆಚ್ಚಗಿಡುವ ಥರ್ಮೋಸ್ಟಾಟನ್ನು ಅರವತ್ತೆಂಟಕ್ಕೆ ಇಡಬೇಕೋ ಎಪ್ಪತ್ತೆರಡಕ್ಕೋ, ಗ್ಯಾರೇಜಿನಲ್ಲಿ ಯಾರ ಕಾರು ಒಳಗೆ, ಯಾರದು ಹೊರಗೆ ಹಿಮದಲ್ಲಿ. ಊಟ ಮುಗಿಯುವಷ್ಟರಲ್ಲಿ ಅವೂ ಮುಗಿದಿರುತ್ತಿದ್ದವು.

ಅಮ್ಮ ಸೌತ್‌ಫೀಲ್ಡಿನ ಆಫೀಸಿಗೆ ಬೆಳಿಗ್ಗೆ ಏಳಕ್ಕೇ ಹೊರಡುತ್ತಿದ್ದಳು. ಹಾಗಾಗಿ ನನ್ನ ತಲೆ ಬಾಚಿದವಳು, ಶಾಲೆಯ ಬಸ್ಸಿನಿಂದ ಇಳಿಸಿಕೊಂಡವಳು, ಜ್ವರ ಬಂದರೆ ಮೆಣಸಿನ ಸಾರು ಕುಡಿಸಿದವಳು ದೊಡ್ಡಮ್ಮ. ಅವಳ ಸ್ವಂತ ಮಗ ಅನೂಪ ನನಗಿಂತ ಮೂರು ವರ್ಷ ದೊಡ್ಡವನು. ಏನು ಕೇಳಿದರೂ ಇಂಗ್ಲಿಷಿನಲ್ಲಿ ಎರಡೇ ಪದ ಹೇಳಿ ಮೇಲೆ ಹೋಗಿಬಿಡುತ್ತಿದ್ದ. ನಾನು ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ಹತ್ತಿ ಕೂತು ಅವಳ ಮಾತು ಕೇಳುತ್ತಿದ್ದೆ. ಮೈಸೂರಿನ ವಠಾರದ ಏಳು ಮನೆಗಳಿಗೆ ಒಂದೇ ನಲ್ಲಿ ಇದ್ದದ್ದು, ನಲ್ಲಿಯ ಸರದಿಗಾಗಿ ಅವಳ ಅತ್ತೆ ಬಿಂದಿಗೆಗಳಿಗೆ ಹೆಸರು ಕೊರೆಸಿದ್ದು, ಎಲ್ಲ ನನಗೆ ಒಗ್ಗರಣೆಯ ಸದ್ದಿನ ಜೊತೆಯಲ್ಲೇ ಕಿವಿಗೆ ಬಿದ್ದದ್ದು. ಇವತ್ತು ನಾನು ಬರೆಯುವ ಕನ್ನಡದಲ್ಲಿ ಏನಾದರೂ ರುಚಿ ಇದ್ದರೆ ಅದು ಆ ಕಟ್ಟೆಯದು. ಅಮ್ಮ ಸಂಜೆ ಬಂದು ಕೋಟು ಬಿಚ್ಚುತ್ತಾ ಕೇಳುತ್ತಿದ್ದಳು.

“ಏನಂತಾಳಕ್ಕ ನಿಮ್ಮ ಮಗಳು ಇವತ್ತು?”

“ನನ್ನ ಮಗಳು ಚೆನ್ನಾಗಿದಾಳೆ. ನೀನ್ಯಾರಮ್ಮ, ಬಾಡಿಗೆಗೆ ಇರೋಳು?” ಎನ್ನುತ್ತಿದ್ದಳು ದೊಡ್ಡಮ್ಮ.

ನನಗೆ ಹನ್ನೊಂದು ವರ್ಷವಾದ ಚಳಿಗಾಲದಲ್ಲಿ ದೊಡ್ಡಪ್ಪನ ಕಂಪನಿಯವರು ಅವರನ್ನು ಚಿಕಾಗೋ ಕಡೆಯ ಆಫೀಸಿಗೆ ಕರೆದರು. ಬಂದರೆ ಮೇಲಿನ ಹುದ್ದೆ, ಬಾರದಿದ್ದರೆ ಇದ್ದಲ್ಲೇ ಇರಬಹುದು. ದೊಡ್ಡಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಮಾತಾಡಲಿಲ್ಲ. ಆದರೆ ದೊಡ್ಡಮ್ಮ ಅಕ್ಕಿಯನ್ನು ದೊಡ್ಡ ಮೂಟೆಯಲ್ಲಿ ತರಿಸುವುದನ್ನು ನಿಲ್ಲಿಸಿದಳು. ಸಣ್ಣ ಚೀಲ ಬಂದ ದಿನ ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಅಂಥ ಹೊತ್ತಿನಲ್ಲಿ ಬಂದದ್ದು ದೋಣಿಯ ಮಾತು. ಬೇಸಿಗೆಯ ಭಾನುವಾರಗಳಲ್ಲಿ ನಾವು ಆರೂ ಜನ ಡೆಟ್ರಾಯಿಟ್ ನದಿಯ ದಂಡೆಯ ಪಾರ್ಕಿಗೆ ಹೋಗುತ್ತಿದ್ದೆವು. ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಕೂತು, ಅದಿರು ಹೊತ್ತ ಉದ್ದನೆಯ ಹಡಗುಗಳನ್ನೂ ಬಿಳಿಯ ದೋಣಿಗಳನ್ನೂ ನೋಡಿ, ಆಚೆ ದಡದ ಕೆನಡಾವನ್ನು ಮಕ್ಕಳಿಗೆ ಮತ್ತೊಮ್ಮೆ ತೋರಿಸಿ ವಾಪಸಾಗುವುದು. ದೊಡ್ಡಪ್ಪ ಪ್ರತಿ ವರ್ಷ ಅದೇ ಬೆಂಚಿನಲ್ಲಿ ಕೂತು, ನಾವೆಷ್ಟು ದಿನ ಹೀಗೆ ದಡದಲ್ಲಿ ಕೂತು ಬೇರೆಯವರ ದೋಣಿ ಎಣಿಸುವುದು ಎಂದು ನಿಟ್ಟುಸಿರು ಬಿಡುತ್ತಿದ್ದರು. ಆ ಮಾರ್ಚಿನಲ್ಲಿ ಅವರು ಟ್ರೆಂಟನ್ನಿನಲ್ಲಿ ಮಾರಾಟಕ್ಕಿದ್ದ ಒಂದು ಹಳೆಯ ಮೋಟಾರ್ ಕ್ರೂಸರಿನ ಫೋಟೋವನ್ನು ಪ್ರಿಂಟ್ ಮಾಡಿಸಿ ಮೇಜಿನ ಮೇಲಿಟ್ಟರು. ಇಪ್ಪತ್ತೆಂಟು ಅಡಿ ಉದ್ದ, ಒಳಗೆ ಪುಟ್ಟ ಕೋಣೆ, ಒಲೆ, ಮಲಗುವ ಜಾಗ. ಅಮ್ಮ ಅದನ್ನು ನೋಡಿ ಅಪ್ಪನ ಮುಖ ನೋಡಿದಳು. ಅಪ್ಪ ದೊಡ್ಡಮ್ಮನ ಮುಖ ನೋಡಿದರು. ಎಲ್ಲರಿಗೂ ಒಂದೇ ಲೆಕ್ಕ: ಡೆಟ್ರಾಯಿಟ್ ನದಿಗೆ ದೋಣಿ ಇಳಿಸುವವರು ಚಿಕಾಗೋಗೆ ಹೋಗುವುದಿಲ್ಲ. ನಾನು ಆ ಫೋಟೋವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ.

ಏಪ್ರಿಲ್ ತಿಂಗಳ ಒಂದು ಶನಿವಾರ ನೋಡಲು ಹೊರಟೆವು. ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ನಾನು. ದೋಣಿಯ ಯಜಮಾನರು ಹ್ಯಾರಲ್ಡ್ ಎಂಬ ಎಂಬತ್ತರ ಹತ್ತಿರದ ಮುದುಕರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ದೋಣಿಯ ಹಿಂಬದಿಗೆ ಹೆಂಡತಿಯ ಹೆಸರು ಬರೆಸಿದ್ದರು, ಲೊರೇನ್ ಎಂದು. ಮಂಡಿ ನೋವಿನಿಂದ ಇನ್ನು ಹತ್ತಿ ಇಳಿಯಲಾಗದೆ ಮಾರುತ್ತಿದ್ದರು. ಮನೆಯ ಪಕ್ಕದ ಜಲ್ಲಿ ಹಾಸಿದ ಅಂಗಳದಲ್ಲಿ ಕಬ್ಬಿಣದ ಕಾಲುಗಳ ಮೇಲೆ ಅದು ನಿಂತಿತ್ತು. ನೀರಿನಲ್ಲಿ ಅಷ್ಟು ಹಗುರ ಕಾಣುವ ವಸ್ತು ನೆಲದ ಮೇಲೆ ಆನೆಯ ಹಾಗೆ ದೊಡ್ಡದಾಗಿತ್ತು. ದೊಡ್ಡಪ್ಪ ಏಣಿ ಹತ್ತಿ ಸ್ಟೀರಿಂಗ್ ಹಿಡಿದು ಕೂತರು. ಕೆಳಗಿನಿಂದ ದೊಡ್ಡಮ್ಮ ನೋಡಿ ನಕ್ಕಳು.

“ರೀ, ಗೇರ್ ಹಾಕ್ಬೇಡಿ. ಮುಂದೆ ಅವರ ಟೊಮೆಟೊ ಪಾತಿ ಇದೆ.”

ನಾನು ಅಪ್ಪನ ಜೊತೆ ಕೆಳಗೆ ಸುತ್ತುತ್ತಿದ್ದೆ. ಅಪ್ಪ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಗುಣಮಟ್ಟ ನೋಡುವ ಕೆಲಸದವರು. ಎರಕದ ಲೋಹವನ್ನು ತಟ್ಟಿ, ಸದ್ದಿನಲ್ಲೇ ಒಳಗಿನ ಬಿರುಕು ಹೇಳುತ್ತಾರೆ ಎಂದು ಅವರ ಆಫೀಸಿನವರು ತಮಾಷೆ ಮಾಡುತ್ತಿದ್ದರು. ಅಂಗಡಿಗೆ ಹೋದರೆ ಕಲ್ಲಂಗಡಿಯನ್ನೂ ತೆಂಗಿನಕಾಯನ್ನೂ ನನ್ನ ಕಿವಿಯ ಹತ್ತಿರ ಹಿಡಿದು ತಟ್ಟಿ, ಯಾವುದು ಹೇಳು ಎಂದು ಪರೀಕ್ಷೆ ಮಾಡುತ್ತಿದ್ದರು. ನನಗೂ ಆ ಕಿವಿ ಬಂದಿತ್ತು. ಈಗ ಅವರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅದರ ಹಿಡಿಯಿಂದ ದೋಣಿಯ ಮೈಯನ್ನು ತಟ್ಟುತ್ತಾ ಬಂದರು. ಟಕ್, ಟಕ್, ಟಕ್. ಹಿಂಬದಿಗೆ ಬಂದು, ಪ್ರೊಪೆಲ್ಲರಿನ ಯಂತ್ರ ಕೂಡಿಸಿದ್ದ ಗೋಡೆಯ ಎಡ ಮೂಲೆಗೆ ತಟ್ಟಿದಾಗ ಸದ್ದು ಬದಲಾಯಿತು. ಒದ್ದೆ ಹಲಗೆಗೆ ಗುದ್ದಿದ ಹಾಗೆ, ಡೊಬ್. ಅಪ್ಪ ನಿಂತರು. ಅಂಗೈಯಗಲ ಆಚೆ ತಟ್ಟಿದರು: ಟಕ್. ಮತ್ತೆ ಅಲ್ಲಿಗೇ: ಡೊಬ್. ತಿರುಗಿ ನನ್ನನ್ನು ನೋಡಿದರು. ನಾನು ಕೇಳಿಸಿಕೊಂಡೆ ಎಂದು ಅವರಿಗೆ ಗೊತ್ತಾಯಿತು. ಅಷ್ಟರಲ್ಲಿ ಹ್ಯಾರಲ್ಡ್ ಊಟಕ್ಕೆ ಕರೆದರು.

ಆ ಊಟವನ್ನು ನಾನು ಮರೆತಿಲ್ಲ. ಲೊರೇನ್ ಅವರು ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡೇ ಅಡುಗೆಮನೆಯಲ್ಲಿ ಓಡಾಡುತ್ತಿದ್ದರು. ದೊಡ್ಡ ಬೋಗುಣಿಯಲ್ಲಿ ಸಲಾಡ್ ತಂದಿಟ್ಟರು. ಮೇಲೆ ಹಂದಿಮಾಂಸದ ಚೂರುಗಳಿದ್ದವು. ದೊಡ್ಡಮ್ಮ ನಯವಾಗಿ, ನಾವು ತಿನ್ನುವುದಿಲ್ಲ, ಪರವಾಗಿಲ್ಲ, ಬ್ರೆಡ್ ಸಾಕು ಎಂದಳು. ಲೊರೇನ್ ಅವರು ಆ ಬೋಗುಣಿಯನ್ನು ಒಳಗೊಯ್ದು, ಬೇರೆ ಪಾತ್ರೆಯಲ್ಲಿ ಮೊದಲಿನಿಂದ ಸೊಪ್ಪು ತೊಳೆದು, ಸೌತೆಕಾಯಿ ಹೆಚ್ಚಿ, ಜೊತೆಗೆ ಚೀಸ್ ಹಾಕಿದ ಮ್ಯಾಕರೋನಿ ಮಾಡಿ ತಂದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ದೊಡ್ಡಪ್ಪನ ಕಣ್ಣು ತುಂಬಿದ್ದನ್ನು ನಾನು ಎದುರಿಗೆ ಕೂತು ನೋಡಿದೆ. ಊಟವಾದ ಮೇಲೆ ಹ್ಯಾರಲ್ಡ್ ಅವರೇ ಕೇಳಿದರು, ನಿಮ್ಮ ಸರ್ವೇಯರನ್ನು ಯಾವತ್ತು ಕಳಿಸುತ್ತೀರಿ ಎಂದು. ಹಳೆಯ ದೋಣಿ ಕೊಳ್ಳುವವರು ಅದನ್ನು ಪರೀಕ್ಷೆ ಮಾಡುವವನೊಬ್ಬನನ್ನು ಕರೆಸುವುದು ಅಲ್ಲಿಯ ರೂಢಿ. ಕರೆಸಿದರೆ ಮಾರುವವರಿಗೆ ಬೇಸರವೇನಿಲ್ಲ. ದೊಡ್ಡಪ್ಪ ಕೈ ಅಲ್ಲಾಡಿಸಿ, ನಿಮ್ಮ ಮನೆಯಲ್ಲಿ ಊಟ ಮಾಡಿದ್ದೇವೆ, ನಿಮ್ಮ ಮಾತೇ ಸಾಕು ಎಂದರು. ಹ್ಯಾರಲ್ಡ್ ಅವರಿಗೆ ಅರ್ಥವಾಗಲಿಲ್ಲ, ಮತ್ತೊಮ್ಮೆ ಕೇಳಿದರು. ದೊಡ್ಡಪ್ಪ ಮತ್ತೊಮ್ಮೆ ಬೇಡ ಎಂದರು. ಅಪ್ಪ ತಟ್ಟೆಯಿಂದ ತಲೆ ಎತ್ತಿ ಬಾಯಿ ತೆರೆದರು. ನನ್ನ ಎದೆ ಡವಡವ ಹೊಡೆದುಕೊಂಡಿತು. ಅಪ್ಪ ನೀರಿನ ಲೋಟ ತೆಗೆದುಕೊಂಡು ಕುಡಿದರು. ಹೇಳಬಾರದು, ಹೇಳಬಾರದು ಎಂದು ನಾನೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಅಧ್ಯಾಯವನ್ನು ಬರೆಯುವ ಅರ್ಥವೇ ಇಲ್ಲ.

ಮನೆಗೆ ಬಂದ ಮೇಲೆ ಗ್ಯಾರೇಜಿನಲ್ಲಿ ಇಬ್ಬರೇ ಇದ್ದಾಗ ಅಪ್ಪನನ್ನು ಕೇಳಿದೆ.

“ಅಪ್ಪ, ಯಾಕೆ ಹೇಳಲಿಲ್ಲ?”

“ಅಣ್ಣ ಮಾತು ಕೊಟ್ಟಾಗಿತ್ತಲ್ಲ ಪುಟ್ಟಿ. ಮೂರನೆಯವರ ಮುಂದೆ ಅಣ್ಣನ ಮಾತಿಗೆ ಅಡ್ಡ ಹಾಕೋದಾ?”

“ಈಗ ಹೇಳಬಹುದಲ್ಲ. ಈಗ ಯಾರೂ ಇಲ್ಲ.”

ಅಪ್ಪ ಸ್ಕ್ರೂಡ್ರೈವರನ್ನು ಗೋಡೆಯ ಹಲಗೆಯಲ್ಲಿ ಅದರ ಜಾಗಕ್ಕೆ ಸಿಕ್ಕಿಸಿದರು. “ಎಷ್ಟು ಖುಷಿಯಾಗಿದಾರೆ ನೋಡು. ಸಣ್ಣ ಜಾಗ ಅದು, ನಾನು ಸರಿ ಮಾಡ್ತೀನಿ. ನೀನು ಯಾರಿಗೂ ಹೇಳ್ಬೇಡ.”

ನಾನು ಹೂಂ ಎಂದೆ. ಆ ವಾರವೇ ದೊಡ್ಡಪ್ಪ ದೋಣಿ ಕೊಂಡು, ಚಿಕಾಗೋಗೆ ಬರುವುದಿಲ್ಲವೆಂದು ಫೋನ್ ಮಾಡಿ ಹೇಳಿದರು. ದೊಡ್ಡಮ್ಮ ಅಕ್ಕಿಯ ದೊಡ್ಡ ಮೂಟೆ ತರಿಸಿದಳು.

ಅಪ್ಪ ಮಾತು ಉಳಿಸಿಕೊಂಡರು. ಪ್ರತಿ ಶನಿವಾರ ಬೆಳಿಗ್ಗೆ ಬೇಗ ಎದ್ದು, ದೋಣಿ ತೊಳೆದು ಬರ್ತೀನಿ ಎಂದು ಹೇಳಿ, ಅದನ್ನು ನಿಲ್ಲಿಸಲು ನದಿಯ ಹತ್ತಿರ ಬಾಡಿಗೆಗೆ ಹಿಡಿದಿದ್ದ ಜಾಗಕ್ಕೆ ಹೋಗಿ, ತೂತು ಕೊರೆದು, ಒಣಗಿಸಿ, ಅಂಟು ತುಂಬಿ, ಮೇಲೆ ಬಿಳಿ ಬಣ್ಣ ಬಳಿದು, ಮಧ್ಯಾಹ್ನದೊಳಗೆ ಮನೆಗೆ ಬಂದು ಏನೂ ಗೊತ್ತಿಲ್ಲದವರ ಹಾಗೆ ಊಟಕ್ಕೆ ಕೂರುತ್ತಿದ್ದರು. ಉಗುರಿನ ಸಂದಿಯಲ್ಲಿ ಅಂಟು ಉಳಿದಿರುತ್ತಿತ್ತು. ಅಣ್ಣನಿಗೆ ತಿಳಿಯದ ಹಾಗೆ ಅಣ್ಣನ ತಪ್ಪನ್ನು ತಿದ್ದುವುದು ಅವರಿಗೆ ಸೇವೆಯಾಗಿ ಕಂಡಿತ್ತು. ಮೇ ಕೊನೆಯಲ್ಲಿ ದೋಣಿಯನ್ನು ನೀರಿಗೆ ಇಳಿಸುವ ದಿನ ದೊಡ್ಡಮ್ಮ ಅದರ ಮೂತಿಗೆ ಅರಿಶಿನ ಕುಂಕುಮ ಹಚ್ಚಿದಳು. ಹಿಂಬದಿಯ ಹೆಸರನ್ನು ಅಳಿಸಲು ದೊಡ್ಡಪ್ಪನಿಗೆ ಮನಸ್ಸಾಗಲಿಲ್ಲ.

“ಅಕ್ಕ, ಭಾನುವಾರ ಬಂತು ಅಂದ್ರೆ ಭಾವ ಲೊರೇನ್ ಹಿಂದೆ ಹೋಗ್ಬಿಡ್ತಾರೆ, ನೋಡ್ಕೊಳ್ಳಿ,” ಎಂದಳು ಅಮ್ಮ.

“ಹೋಗ್ಲಿ ಬಿಡು. ಅವಳು ಇವರ ಬಟ್ಟೆ ಒಗೀತಾಳೇನೋ ಕೇಳು.”

ಜೂನ್ ಮತ್ತು ಜುಲೈ ನಮ್ಮ ಮನೆಯ ಅತ್ಯಂತ ಸುಖದ ತಿಂಗಳುಗಳು. ಯಾರಾದರೂ ನನ್ನ ಬಾಲ್ಯ ಹೇಗಿತ್ತು ಎಂದು ಕೇಳಿದರೆ ನಾನು ಹೇಳುವುದು ಆ ಏಳೆಂಟು ಭಾನುವಾರಗಳನ್ನೇ. ದೊಡ್ಡಮ್ಮ ಸೀರೆಯ ಮೇಲೆ ಸ್ವೆಟರ್, ಸ್ವೆಟರಿನ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಒಳಗಿನ ಪುಟ್ಟ ಒಲೆಯಲ್ಲಿ ಮೊಸರನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ, ಇಂಗಿನ ವಾಸನೆ ನದಿಯ ಮೇಲೆ ಹರಡಿ, ಪಕ್ಕದ ದೋಣಿಯವರು ತಿರುಗಿ ನೋಡಿ ಕೈ ಬೀಸುತ್ತಿದ್ದರು. ದೊಡ್ಡಪ್ಪ ಎಲ್ಲರಿಗೂ ಕೈ ಬೀಸುತ್ತಿದ್ದರು, ದಡದ ಬೆಂಚಿನಲ್ಲಿ ಕೂತವರಿಗಂತೂ ಇನ್ನಷ್ಟು ಜೋರಾಗಿ. ಅನೂಪ ಕೂಡ ಆ ಬೇಸಿಗೆಯಲ್ಲಿ ಎರಡು ಪದಕ್ಕಿಂತ ಹೆಚ್ಚು ಮಾತಾಡಿದ. ಅಪ್ಪ ಮಾತ್ರ ಯಾವಾಗಲೂ ಹಿಂಬದಿಯಲ್ಲೇ ಕೂರುತ್ತಿದ್ದರು. ಆಗಾಗ ನೆಲದ ಮುಚ್ಚಳ ಎತ್ತಿ ಒಳಗೆ ಇಣುಕುತ್ತಿದ್ದರು. ಅವರು ಮುಚ್ಚಳ ಹಾಕಿದ ಮೇಲೆ ನಾನು ಅವರ ಮುಖ ನೋಡುತ್ತಿದ್ದೆ. ಅವರು ಕಣ್ಣು ಮಿಟುಕಿಸಿದರೆ ನಾನು ಉಸಿರು ಬಿಡುತ್ತಿದ್ದೆ.

ಆಗಸ್ಟಿನ ಒಂದು ಭಾನುವಾರ ಗ್ರೋಸ್ ಇಲ್ ದ್ವೀಪವನ್ನು ದಾಟಿ ನದಿ ಅಗಲವಾಗುವ ಕಡೆ ಹೋಗಿದ್ದೆವು. ಗಾಳಿ ಇತ್ತು, ಅಲೆ ಎತ್ತಿ ಎತ್ತಿ ಕುಕ್ಕುತ್ತಿತ್ತು. ದೊಡ್ಡಮ್ಮ ಒಳಗಿನ ಕೋಣೆಯಲ್ಲಿ ತಟ್ಟೆಗಳಿಗೆ ಬಡಿಸುತ್ತಿದ್ದಳು. ಅವಳೇ ಅಪ್ಪನನ್ನು ಕರೆದಳು, ಕೂಗಲಿಲ್ಲ, ಅಡುಗೆಮನೆಯಿಂದ ಉಪ್ಪಿನ ಡಬ್ಬಿ ಕೇಳುವ ದನಿಯಲ್ಲೇ.

“ನಂಜುಂಡ, ಸ್ವಲ್ಪ ಬರ್ತೀಯಾ? ನನ್ನ ಚಪ್ಪಲಿ ತೇಲ್ತಾ ಇದೆ.”

ಅಪ್ಪ ಮುಚ್ಚಳ ಎತ್ತಿದಾಗ ಕೆಳಗೆಲ್ಲ ನೀರು. ಅವರು ಅಂಟು ತುಂಬಿದ್ದು ಅಂಗೈಯಗಲಕ್ಕೆ. ಒಳಗಿನ ಮರ ಆ ಗೋಡೆಯ ಉದ್ದಕ್ಕೂ ಕೊಳೆತಿತ್ತು ಎಂದು ಆಮೇಲೆ ರಿಪೇರಿಯವನು ಹೇಳಿದ. ಅಲೆಯ ಪೆಟ್ಟಿಗೆ ಯಂತ್ರ ಅಲುಗಾಡಿ ಅದರ ಸುತ್ತ ಬಿರುಕು ಬಿಟ್ಟಿತ್ತು. ಪಂಪು ಓಡುತ್ತಿತ್ತು, ನೀರು ಅದಕ್ಕಿಂತ ಬೇಗ ಬರುತ್ತಿತ್ತು. ಅಪ್ಪ, ಅನೂಪ ಬಕೆಟ್ಟಿನಿಂದ ಎತ್ತಿ ಎತ್ತಿ ಚೆಲ್ಲಿದರು. ಅಮ್ಮ ನನ್ನನ್ನು ತಬ್ಬಿಕೊಂಡು ಕೂತಿದ್ದಳು. ಈಜು ಬಾರದ ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ಅನ್ನದ ಪಾತ್ರೆಯನ್ನು ಅಪ್ಪಿ ಹಿಡಿದಿದ್ದಳು. ಅವಳ ಕಾಲು ಮೀನಖಂಡದವರೆಗೆ ನೀರಿನಲ್ಲಿತ್ತು. ಪಾತ್ರೆ ಕೆಳಗಿಡಿ ಎಂದು ಯಾರು ಹೇಳಿದರೂ ಬಿಡಲಿಲ್ಲ. ಮೀನು ಹಿಡಿಯಲು ಬಂದಿದ್ದ ಗಂಡ ಹೆಂಡತಿ ತಮ್ಮ ದೋಣಿಗೆ ನಮ್ಮನ್ನೆಲ್ಲ ಹತ್ತಿಸಿಕೊಂಡು, ಲೊರೇನನ್ನು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದರು. ಯಾರಿಗೂ ಏನೂ ಆಗಲಿಲ್ಲ. ಅದಾದ ಮೇಲೆ ದೊಡ್ಡಮ್ಮ ಸ್ನಾನದ ಟಬ್ಬಿನಲ್ಲಿ ಕೂಡ ನೀರು ತುಂಬಿಸಿಕೊಳ್ಳಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಮ್ಮ ಉಪ್ಪಿಟ್ಟು ಕೆದಕಿದಳು. ಯಾರೂ ತಿನ್ನುತ್ತಿರಲಿಲ್ಲ. ದೊಡ್ಡಪ್ಪ ತಲೆ ಹಿಡಿದುಕೊಂಡು ಕೂತಿದ್ದರು. ಅಷ್ಟು ಸಣ್ಣಗಾದ ದೊಡ್ಡಪ್ಪನನ್ನು ನಾನು ನೋಡಿರಲಿಲ್ಲ.

“ನಾನೇ ಮಾಡಿದ್ದು. ಆ ಮನುಷ್ಯ ಎರಡು ಸಲ ಕೇಳಿದ ಸರ್ವೇಯರ್ ಕರೆಸಿ ಅಂತ. ದೊಡ್ಡಸ್ತಿಕೆಗೆ ಬೇಡ ಅಂದೆ. ಎಲ್ಲರನ್ನೂ ಕೊಂದುಬಿಡ್ತಿದ್ದೆ.”

ನನಗೆ ತಡೆಯಲಾಗಲಿಲ್ಲ. ಅವರನ್ನು ಸಮಾಧಾನ ಮಾಡಬೇಕಿತ್ತು, ಅಷ್ಟೇ. ನನ್ನಲ್ಲಿದ್ದ ಸಮಾಧಾನ ಒಂದೇ.

“ನಿಮ್ಮ ತಪ್ಪಲ್ಲ ದೊಡ್ಡಪ್ಪ. ಅಪ್ಪಂಗೆ ಮೊದಲೇ ಗೊತ್ತಿತ್ತು. ನಿಮಗೆ ಬೇಜಾರಾಗಬಾರದು ಅಂತ ಅಪ್ಪ ಶನಿವಾರ ಶನಿವಾರ ಹೋಗಿ ಸರಿ ಮಾಡ್ತಾ ಇದ್ರು.”

ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ದೊಡ್ಡಪ್ಪ ನಿಧಾನವಾಗಿ ತಲೆ ಎತ್ತಿದರು.

“ಹೌದೇನೋ ನಂಜ?”

ಅಪ್ಪ ತಟ್ಟೆ ನೋಡುತ್ತಲೇ ತಲೆ ಆಡಿಸಿದರು.

“ಯಾವತ್ತಿಂದ ಗೊತ್ತಿತ್ತು?”

“ಅವತ್ತೇ ಅಣ್ಣ. ಊಟಕ್ಕೆ ಮುಂಚೆ. ನಿನ್ನ ಮಾತಿಗೆ ಎದುರು ಆಡೋದು ಹೇಗೆ ಅಂತ...”

“ನಿಮ್ಮತ್ತಿಗೆ ಕಾಲು ನೀರಲ್ಲಿತ್ತು ಕಣೋ.”

“ಸರಿ ಹೋಗಿದೆ ಅಂದ್ಕೊಂಡಿದ್ದೆ. ನಿನ್ನ ಮೇಲಿನ ಗೌರವಕ್ಕೆ...”

“ಗೌರವಾನ ತಗೊಂಡು ಏನು ಮಾಡ್ಲಿ ನಾನು? ನೀನು ಒಂದು ಸಲ ಬೇಡ ಅಂದಿದ್ರೆ ಬೇಡ ಅಂತಿದ್ದೆ. ನನ್ನ ಅಷ್ಟೂ ನಂಬಲಿಲ್ವಲ್ಲೋ.”

ಅಷ್ಟೇ. ಯಾರೂ ದನಿ ಎತ್ತಲಿಲ್ಲ. ದೊಡ್ಡಪ್ಪ ತಟ್ಟೆಯನ್ನು ತಾವೇ ಎತ್ತಿಕೊಂಡು ಹೋಗಿ ತೊಳೆದಿಟ್ಟರು. ಆ ಮನೆಯಲ್ಲಿ ಅವರು ತಟ್ಟೆ ತೊಳೆದದ್ದು ಅದೇ ಮೊದಲು. ಮರುದಿನದಿಂದ ಇಬ್ಬರೂ ಒಬ್ಬರಿಗೊಬ್ಬರು ತುಂಬಾ ಮರ್ಯಾದೆಯಿಂದ ನಡೆದುಕೊಂಡರು. ಥರ್ಮೋಸ್ಟಾಟನ್ನು ಯಾರೂ ಮುಟ್ಟಲಿಲ್ಲ. ನನ್ನ ಕಾರು ಹೊರಗಿರಲಿ ಎಂದು ಇಬ್ಬರೂ ಹಟ ಮಾಡಿದರು, ಒಳಗಿನ ಜಾಗ ಖಾಲಿಯೇ ಉಳಿಯಿತು. ಎರಡು ವಾರದ ಮೇಲೆ ದೊಡ್ಡಪ್ಪ ಚಿಕಾಗೋಗೆ ಫೋನ್ ಮಾಡಿ, ಆ ಜಾಗ ಇನ್ನೂ ಇದೆಯೇ ಎಂದು ಕೇಳಿದರು. ಇತ್ತು. ಲೊರೇನನ್ನು ಬಿಡಿಭಾಗಗಳಿಗಾಗಿ ಯಾರೋ ಒಯ್ದರು. ಅವರು ಎಳೆದುಕೊಂಡು ಹೋಗುವಾಗ ನೋಡಲು ನಮ್ಮವರು ಯಾರೂ ಹೋಗಲಿಲ್ಲ.

ಅಕ್ಟೋಬರಿನಲ್ಲಿ ಅವರು ಹೊರಡುವ ದಿನ ಬೆಳಿಗ್ಗೆ, ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಂಡು ದೊಡ್ಡಮ್ಮ ನನ್ನ ತಲೆ ಬಾಚಿದಳು. ಎರಡು ತಿಂಗಳಿಂದ ನುಂಗಿಕೊಂಡಿದ್ದನ್ನು ಆಗ ಕೇಳಿದೆ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ಅದಕ್ಕೇ ಕೇಳಲು ಸಾಧ್ಯವಾಯಿತು.

“ನಾನು ಬಾಯಿ ಬಿಟ್ಟಿದ್ದಕ್ಕೇ ಅಲ್ವಾ ನೀನು ಹೋಗ್ತಿರೋದು?”

ಅವಳು ಬಾಚಣಿಗೆಯ ತುದಿಯಿಂದ ಬೈತಲೆ ತೆಗೆದಳು.

“ನೀನು ನಿಜ ಹೇಳ್ದೆ. ಅದನ್ನ ಹೇಳ್ಬೇಕಾದೋರು ಬೇರೆ ಇದ್ರು. ತಲೆ ಅಲ್ಲಾಡಿಸ್ಬೇಡ, ಬೈತಲೆ ಸೊಟ್ಟ ಆಗುತ್ತೆ.”

ಅವಳು ಇಲ್ಲ ಎನ್ನಲಿಲ್ಲ. ಇಲ್ಲ ಎಂದು ಸುಳ್ಳು ಹೇಳಿದ್ದರೆ ಇಷ್ಟು ವರ್ಷ ಆ ಉತ್ತರವನ್ನು ಹೊತ್ತು ತಿರುಗಬೇಕಿರಲಿಲ್ಲವೇನೋ. ಯಾರಾದರೂ ಮಾತಾಡಲು ಬಾಯಿ ತೆರೆದು ನೀರಿನ ಲೋಟ ತೆಗೆದುಕೊಂಡರೆ ನನಗೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ. ಏನು ಹೇಳಬೇಕೆಂದಿದ್ದಿರಿ, ಹೇಳಿಬಿಡಿ ಎಂದು ಪೀಡಿಸುತ್ತೇನೆ. ನನ್ನ ಗಂಡನಿಗೆ ಇದು ಬೇಸರ ತರಿಸುತ್ತದೆ.

ಮರು ವರ್ಷ ಬೇಸಿಗೆಯಲ್ಲಿ ಚಿಕಾಗೋ ಪಕ್ಕದ ನೇಪರ್‌ವಿಲ್‌ನ ಅವರ ಹೊಸ ಮನೆಗೆ ಹೋದೆವು. ಸುಮಾರು ಐದು ಗಂಟೆಯ ದಾರಿ. ಬಾಗಿಲು ತೆರೆದ ದೊಡ್ಡಮ್ಮ ನನ್ನನ್ನು ತಬ್ಬಿಕೊಂಡಳು, ಅತ್ತಳು, ಉದ್ದ ಆಗಿದೀಯ ಎಂದಳು. ಸೋಫಾದ ಮೇಲೆ ಅಪ್ಪ ಮತ್ತು ದೊಡ್ಡಪ್ಪ ಅಕ್ಕಪಕ್ಕ ಕೂತು, ಯಾವ ಎಕ್ಸಿಟ್ ತಗೊಂಡಿರಿ, ದಾರಿಯಲ್ಲಿ ರಸ್ತೆ ಕೆಲಸ ಎಲ್ಲಿತ್ತು ಎಂದು ವಿಚಾರಿಸಿಕೊಂಡರು. ದೊಡ್ಡಮ್ಮ ಅಡುಗೆಮನೆಯಿಂದ ಬಗ್ಗಿ ನನ್ನನ್ನು ಕೇಳಿದಳು.

“ಏನು ಕುಡೀತೀಯಾ ನಿಧಿ? ಜ್ಯೂಸ್ ಕೊಡ್ಲಾ?”

ನಾನು ಒಳಗೆ ಓಡಿದೆ. ಲೋಟ ಯಾವ ಕಪಾಟಿನಲ್ಲಿದೆ ಎಂದು ಗೊತ್ತಾಗಲಿಲ್ಲ. ಎರಡು ಬಾಗಿಲು ತೆರೆದು ನೋಡಿದೆ, ಎರಡರಲ್ಲೂ ಇರಲಿಲ್ಲ. ನೀನು ಕೂತ್ಕೋ, ನಾನು ಕೊಡ್ತೀನಿ ಎಂದಳು. ಅಲ್ಲಿಯ ಕಟ್ಟೆ ಎತ್ತರವಾಗಿತ್ತು, ಹೊಳೆಯುವ ಕಪ್ಪು ಕಲ್ಲಿನದು. ಹತ್ತಿ ಕೂರಲು ನನಗೆ ಧೈರ್ಯ ಬರಲಿಲ್ಲ. ಸಂಜೆ ಹೊರಡುವಾಗ ಅವಳು ಅಮ್ಮನನ್ನು ಮಣೆಯ ಮೇಲೆ ಕೂರಿಸಿ ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಬಾ, ಕೂತ್ಕೋ ಎಂದಳು. ಅಮ್ಮ ಬೇಡವೆನ್ನಲು ಹೊರಟವಳು ಸುಮ್ಮನಾದಳು. ನಾನು ಮಣೆಯ ಮೇಲೆ ಕೂತೆ. ದೊಡ್ಡಮ್ಮ ನನ್ನ ಹಣೆಗೆ ಕುಂಕುಮ ಇಟ್ಟು, ಕೈಗೆ ಹಸಿರು ಬಣ್ಣದ ರವಿಕೆ ಕಣ ಕೊಟ್ಟು, ಬಂದ ಹೆಂಗಸರಿಗೆಲ್ಲ ಹೇಳುವ ಹಾಗೆ, ಅದೇ ಮೆತ್ತನೆಯ ದನಿಯಲ್ಲಿ ಹೇಳಿದಳು.

“ಮತ್ತೆ ಬಾಮ್ಮ.”

ನಾನು ಬಗ್ಗಿ ಅವಳ ಕಾಲು ಮುಟ್ಟಿದೆ. ಅಲ್ಲಿಯವರೆಗೆ ಅವಳು ಯಾವತ್ತೂ ನನಗೆ ಆ ಮಾತು ಹೇಳಿರಲಿಲ್ಲ.